ನೆಂಟರು ಕೂತ ಮೇಲೆ ಚೀಸ್ ಓವನ್‌ಗೆ

ಕಳೆದ ಸಂಚಿಕೆಯಲ್ಲಿ ಓವನ್‌ನಲ್ಲಿ ಬಿಸಿ ಮಾಡಿದ ಕ್ಯಾಮಂಬೇರ್ ಚೀಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ದುಂಡನೆಯ ಪುಟ್ಟ ಚೀಸನ್ನು ಇಡಿಯಾಗಿ ಬೇಕ್ ಮಾಡೋದು, ಒಳಗೆಲ್ಲ ಕರಗಿದ ಮೇಲೆ ಮೇಜಿನ ನಡುವೆ ಇಡೋದು, ಸುತ್ತ ಕೂತವರು ಬ್ರೆಡ್ ಅದ್ದಿಕೊಂಡು ತಿನ್ನೋದು. ಬರೆದದ್ದು ಇಷ್ಟೇ. ಪತ್ರಗಳು ಮಾತ್ರ ಬರುತ್ತಲೇ ಇವೆ. ಕೆಲವರದು ಕರಗಲಿಲ್ಲ, ಕೆಲವರದು ಎಣ್ಣೆ ಬಿಟ್ಟಿತು, ಒಬ್ಬರದು ಓವನ್ ತಟ್ಟೆ ತುಂಬ ಹರಿದುಹೋಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಓವನ್‌ಗೆ ಏನೇ ಇಟ್ಟರೂ ಅದರ ತೂಕ, ಕಾವು, ಎಷ್ಟು ನಿಮಿಷ, ತಿಂದವರು ಏನಂದರು ಅಂತ ಬರೆದಿಡುತ್ತೇನೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ಪುಟಗಳಿಂದಲೇ ಬಂದವು.

ಪ್ರಶ್ನೆ: ಮುಂದಿನ ತಿಂಗಳು ಮನೆಗೆ 8 ಜನ ಊಟಕ್ಕೆ ಬರುತ್ತಿದ್ದಾರೆ. ಊಟಕ್ಕೆ ಮೊದಲು ಈ ಬಿಸಿ ಚೀಸ್ ಕೊಡಬೇಕು ಅಂತ ಆಸೆ. ನಾನು ಕೇಕ್ ಬಿಟ್ಟು ಬೇರೇನೂ ಬೇಕ್ ಮಾಡಿದವಳಲ್ಲ. ಮೊದಲಿಂದ ಹೇಳಿಕೊಡುತ್ತೀರಾ?

ಉತ್ತರ: ಕೇಕ್ ಮಾಡಿದ ಕೈಗೆ ಇದು ಸುಲಭ. ಕಲಸೋದು, ಉಬ್ಬಿಸೋದು ಏನೂ ಇಲ್ಲ. ಆದರೆ ಕೇಕ್ ಆರಿದರೂ ನಡೆಯುತ್ತದೆ, ಇದು ಆರಿದರೆ ಮುಗಿಯಿತು. ಅಷ್ಟು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ.

ಊಟಕ್ಕೆ ಮೊದಲು ಕೊಡುವುದಾದರೆ 250 ಗ್ರಾಂನ ಒಂದು ಕ್ಯಾಮಂಬೇರ್ ನಾಲ್ಕು ಜನಕ್ಕೆ ಸಾಕು. ನಿಮಗೆ ಎರಡು ಬೇಕು. ಎರಡನ್ನೂ ಒಟ್ಟಿಗೆ ಓವನ್‌ಗೆ ಇಡಬೇಡಿ. ಮೊದಲನೆಯದು ಹೊರಗೆ ಬಂದಾಗ ಎರಡನೆಯದು ಒಳಗೆ ಹೋಗಲಿ. ಇದು ಖಾಲಿಯಾಗುವ ಹೊತ್ತಿಗೆ ಅದು ತಯಾರಾಗಿರುತ್ತದೆ. ಮಾತಿನ ನಡುವೆ ಇನ್ನೊಂದು ಬಿಸಿ ಪಾತ್ರೆ ಬಂದಾಗ ಎಲ್ಲರ ಮುಖ ಅರಳುವುದನ್ನು ನಾನು ಪ್ರತಿ ಸಲವೂ ನೋಡಿದ್ದೇನೆ.

ಹಿಂದಿನ ದಿನ ಪಾತ್ರೆ ಹುಡುಕಿಡಿ. ಚೀಸ್ ಸುಮಾರು 11 ಸೆಂಟಿಮೀಟರ್ ಅಗಲ ಇರುತ್ತದೆ. ಪಾತ್ರೆ ಅದಕ್ಕಿಂತ ಒಂದು ಬೆರಳಷ್ಟು ಮಾತ್ರ ದೊಡ್ಡದಿರಬೇಕು. ಅಂಚು ಚೀಸ್‌ಗಿಂತ ಎತ್ತರ ಇರಲಿ. ದೊಡ್ಡ ತಟ್ಟೆಯಲ್ಲಿ ಇಟ್ಟರೆ ಚೀಸಿನ ಹೊರಗಿನ ಬಿಳಿ ಪದರ, ಅಂದರೆ ಸಿಪ್ಪೆ, ಎಲ್ಲಾದರೂ ಒಡೆದ ಕೂಡಲೇ ಒಳಗಿನದೆಲ್ಲ ಹರಡಿ ತೆಳ್ಳಗಾಗಿ, ಎರಡೇ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಓವನ್ ತಟ್ಟೆಗೆಲ್ಲ ಹರಿಯಿತು ಅಂತ ಬರೆದವರಿಗೂ ಇದೇ ಉತ್ತರ. ಅವರು ಬ್ರೀ ಚೀಸಿನ ತ್ರಿಕೋನದ ತುಂಡನ್ನು ಬರಿ ತಟ್ಟೆಯ ಮೇಲೆ ಇಟ್ಟಿದ್ದರಂತೆ. ಕತ್ತರಿಸಿದ ಬದಿಯಲ್ಲಿ ಸಿಪ್ಪೆ ಇಲ್ಲ, ತಡೆಯುವ ಗೋಡೆಯೇ ಇಲ್ಲ. ಹರಿಯದೆ ಇನ್ನೇನು ಮಾಡೀತು? ಪಿಂಗಾಣಿ ಆಗಲಿ, ಮಣ್ಣಿನದಾಗಲಿ, ಬೀಡು ಕಬ್ಬಿಣದ ಪುಟ್ಟ ಬಾಣಲೆ ಆಗಲಿ, ದಪ್ಪ ಇದ್ದರೆ ಸರಿ. ದಪ್ಪ ಪಾತ್ರೆ ಕಾವು ಹಿಡಿದಿಡುತ್ತದೆ.

ಚೀಸ್ ಜೊತೆ ಬರುವ ಮರದ ಡಬ್ಬಿಯಲ್ಲೇ ಬೇಕ್ ಮಾಡುವವರೂ ಇದ್ದಾರೆ. ಆ ಡಬ್ಬಿ 1890ರಲ್ಲಿ ಬಂದದ್ದು, ಯೂಜೀನ್ ರಿಡೆಲ್ ಅನ್ನುವ ಎಂಜಿನಿಯರ್ ಮಾಡಿದ್ದು. ಅಲ್ಲಿಂದಾಚೆಗೆ ಫ್ರಾನ್ಸಿನ ನಾರ್ಮಂಡಿಯ ಈ ಮೆತ್ತನೆ ಚೀಸ್ ಒಡೆಯದೆ ದೂರದ ಊರುಗಳಿಗೆ ಹೋಗೋಕೆ ಸಾಧ್ಯವಾಯಿತು. ಆದರೆ ಎಲ್ಲ ಡಬ್ಬಿಯೂ ಓವನ್‌ಗೆ ಆಗಿಬರೋದಿಲ್ಲ. ಪಿನ್ ಹೊಡೆದದ್ದಾದರೆ ಸರಿ. ಅಂಟು ಹಾಕಿದ್ದಾದರೆ ಕಾವಿಗೆ ಬಿಟ್ಟುಕೊಳ್ಳುತ್ತದೆ. ಪಾತ್ರೆಯೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಆ ದಿನದ ಕೆಲಸ. ಚೀಸ್ ಫ್ರಿಜ್‌ನಿಂದ ಬಂದ ಕೂಡಲೇ ಕಾಗದ ಬಿಡಿಸಿ. ತಣ್ಣಗಿರುವಾಗಲೇ ಮೇಲಿನ ಸಿಪ್ಪೆಯ ಮೇಲೆ ಹರಿತ ಚಾಕುವಿನಿಂದ ಅಡ್ಡ ಉದ್ದ ಗೀಟು ಹಾಕಿ. ಒಂದೂವರೆ ಸೆಂಟಿಮೀಟರ್ ಆಳ ಸಾಕು, ತಳದವರೆಗೆ ಹೋಗಬಾರದು. ಬೆಚ್ಚಗಾದ ಮೇಲೆ ಕತ್ತರಿಸಲು ಹೋದರೆ ಚಾಕುವಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಗೀಟುಗಳ ಸಂದಿಯಲ್ಲಿ ಬೆಳ್ಳುಳ್ಳಿ ಸಿಕ್ಕಿಸಿ. ಬೆಳ್ಳುಳ್ಳಿ ಹಾಳೆಯಷ್ಟು ತೆಳ್ಳಗಿರಬೇಕು. ಇಡೀ ಎಸಳು ಸಿಕ್ಕಿಸಿದರೆ 20 ನಿಮಿಷದಲ್ಲಿ ಬೇಯೋದಿಲ್ಲ, ಹಸಿಯಾಗಿ ಉಳಿದು ಬಾಯಿ ಚುರುಗುಟ್ಟುತ್ತದೆ. ರೋಸ್‌ಮೆರಿ ಅಥವಾ ಥೈಮ್‌ನ ಎರಡು ಎಳೆ, ಒಂದು ಚಮಚ ಆಲಿವ್ ಎಣ್ಣೆ, ಕುಟ್ಟಿದ ಕರಿಮೆಣಸು. ಉಪ್ಪು ಬೇಡ, ಚೀಸ್‌ನಲ್ಲೇ ಬೇಕಾದಷ್ಟಿದೆ. ಹೀಗೆ ಸಿದ್ಧ ಮಾಡಿ ಮುಕ್ಕಾಲು ಗಂಟೆ ಹೊರಗೇ ಬಿಡಿ, ತಣ್ಣಗಿನ ಚಳಿ ಬಿಡಲಿ.

ಅಷ್ಟರಲ್ಲಿ ಬ್ರೆಡ್. ಉದ್ದನೆಯ ಬಗೆಟ್ ಬ್ರೆಡ್ಡನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ, ಎಣ್ಣೆ ಸವರಿ, 180 ಡಿಗ್ರಿಯಲ್ಲಿ 8 ನಿಮಿಷ ಗರಿಯಾಗಿಸಿ. ಇದನ್ನು ಮೊದಲೇ ಮಾಡಿಟ್ಟರೂ ನಷ್ಟವಿಲ್ಲ. ಬ್ರೆಡ್ ಒಂದೇ ಇದ್ದರೆ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ. ಸಿಪ್ಪೆ ಸಹಿತ ಬೇಯಿಸಿದ ಪುಟ್ಟ ಆಲೂಗಡ್ಡೆ, ಸೇಬಿನ ಹೋಳು, ಹುರಿದ ಅಕ್ರೋಟು ಜೊತೆಗಿರಲಿ. ಹುಳಿಗೆ ವಿನೆಗರ್‌ನಲ್ಲಿ ನೆನೆಸಿದ ಪುಟ್ಟ ಸೌತೆಕಾಯಿ ಇಡಿ. ಕೊಬ್ಬಿನ ಚೀಸ್ ತಿಂದ ನಾಲಿಗೆಗೆ ಹುಳಿ ಬೇಕೇ ಬೇಕು. ಸೇಬನ್ನು ನಿಂಬೆರಸದ ನೀರಲ್ಲಿ ಅದ್ದಿ ತೆಗೆದರೆ ಕಪ್ಪಾಗೋದಿಲ್ಲ. ಯಾವುದನ್ನೂ ಫ್ರಿಜ್‌ನಿಂದ ನೇರ ತಂದು ಇಡಬೇಡಿ. ತಣ್ಣನೆ ಹೋಳು ಅದ್ದಿದರೆ ಚೀಸ್ ಅದರ ಸುತ್ತ ಗಟ್ಟಿಯಾಗುತ್ತದೆ.

ಈಗ ಮುಖ್ಯವಾದದ್ದು. ನೆಂಟರು ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು ಕೂತ ಮೇಲೆ ಚೀಸ್ ಓವನ್‌ಗೆ ಹೋಗಲಿ. ಓವನ್ ಮೊದಲೇ 180 ಡಿಗ್ರಿಗೆ ಕಾದಿರಲಿ. 15ರಿಂದ 20 ನಿಮಿಷ. ಚಮಚದ ಹಿಂಬದಿಯಿಂದ ನಡುವೆ ಮೆಲ್ಲಗೆ ಒತ್ತಿ ನೋಡಿ. ನೀರು ತುಂಬಿದ ಚೀಲದ ಹಾಗೆ ತುಳುಕಿದರೆ ಆಯಿತು. ಇನ್ನೂ ಐದು ನಿಮಿಷ ಇರಲಿ ಅನ್ನಬೇಡಿ. ಜಾಸ್ತಿ ಬೆಂದರೆ ಒಳಗಿನ ಪ್ರೋಟೀನ್ ಬಿಗಿದುಕೊಂಡು ನೀರನ್ನೂ ಕೊಬ್ಬನ್ನೂ ಹೊರಗೆ ಹಿಂಡುತ್ತದೆ. ಕರಗಿದ್ದು ಮತ್ತೆ ಗಟ್ಟಿಯಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮೊದಲ ಸಲ ಮಾಡಿದಾಗ ಎಲ್ಲ ತಯಾರಿರಬೇಕು ಅಂತ ನೆಂಟರು ಬರುವ ಹೊತ್ತಿಗೆ ಸರಿಯಾಗಿ ಚೀಸ್ ಹೊರಗೆ ತೆಗೆದೆ. ಅವರು ಬಂದದ್ದು ಒಂದು ಗಂಟೆ ತಡವಾಗಿ. ಅಷ್ಟರಲ್ಲಿ ಅದು ಮೇಣದ ಹಾಗಿತ್ತು. ಮತ್ತೆ ಓವನ್‌ಗೆ ಇಟ್ಟೆ. ಮೇಲೆ ಹಳದಿ ಎಣ್ಣೆ, ಕೆಳಗೆ ರಬ್ಬರು. ಬಂದವರು ಪ್ರೀತಿಯಿಂದ ತಿಂದರು, ನನಗೆ ಮಾತ್ರ ಆ ರಾತ್ರಿ ಬೇಜಾರು ಹೋಗಲಿಲ್ಲ. ನೋಟ್‌ಬುಕ್‌ನಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲು ಇದೆ: "ಜನ ಕಾಯಬಹುದು, ಚೀಸ್ ಕಾಯೋದಿಲ್ಲ." ಆ 20 ನಿಮಿಷ ನೆಂಟರಿಗೆ ಭಾರ ಅಲ್ಲ. ಬೆಳ್ಳುಳ್ಳಿಯ ಪರಿಮಳ ಒಳಗಿಂದ ಬರುತ್ತಿರುತ್ತದೆ, ಮಾತು ತಾನೇ ಸಾಗುತ್ತದೆ.

ಮೇಜಿಗೆ ತಂದ ಮೇಲೆ ಪಾತ್ರೆಯನ್ನು ಮರದ ಹಲಗೆಯ ಮೇಲಿಡಿ. ಹಿಡಿಗೆ ಬಟ್ಟೆ ಸುತ್ತಿ. ಗೊತ್ತಿಲ್ಲದೆ ಯಾರಾದರೂ ಮುಟ್ಟುತ್ತಾರೆ. ಜೇನುತುಪ್ಪ ಇಷ್ಟವಿದ್ದರೆ ಈಗ ಒಂದು ಚಮಚ ಸುರಿಯಿರಿ, ಓವನ್ ಒಳಗೆ ಬೇಡ, ಸೀದು ಕಹಿಯಾಗುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಹಾಕಿದ್ದನ್ನು ನೆಕ್ಕಿಸಬಾರದು, ನೆನಪಿರಲಿ.

ಪ್ರಶ್ನೆ: ನೀವು ಹೇಳಿದ ಹಾಗೇ 180 ಡಿಗ್ರಿಯಲ್ಲಿ 20 ನಿಮಿಷ ಇಟ್ಟೆ. ಅಂಚೆಲ್ಲ ಕರಗಿತು, ನಡುವೆ ಮಾತ್ರ ಸೀಮೆಸುಣ್ಣದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಉಳಿಯಿತು. ಇನ್ನೂ 10 ನಿಮಿಷ ಇಟ್ಟರೂ ಅಷ್ಟೇ. ನನ್ನ ಓವನ್ ಹಾಳಾಗಿದೆಯೇ?

ಉತ್ತರ: ಓವನ್ ಚೆನ್ನಾಗಿದೆ. ನಿಮ್ಮ ಚೀಸ್ ಇನ್ನೂ ಕಾಯಿ.

ಹೌದು, ಹಣ್ಣಿನ ಹಾಗೆ ಇದೂ ಮಾಗಬೇಕು. ಹೊಸದಾಗಿ ಮಾಡಿದ ಕ್ಯಾಮಂಬೇರ್ ಒಳಗೆಲ್ಲ ಹುಳಿ ಇರುತ್ತದೆ. ಮೇಲಿರುವ ಬಿಳಿ ಪದರ ಒಂದು ಬಗೆಯ ಬೂಷ್ಟು. ಆ ಬೂಷ್ಟು ಹುಳಿಯನ್ನು ತಿನ್ನುತ್ತಾ ಬರುತ್ತದೆ. ಹುಳಿ ಇಳಿದ ಕಡೆ ಚೀಸ್ ಕೆನೆಯ ಹಾಗೆ ಮೆತ್ತಗಾಗುತ್ತದೆ. ಈ ಕೆಲಸ ಸಿಪ್ಪೆಯಿಂದ ಶುರುವಾಗಿ ಒಳಗೆ ಸಾಗುತ್ತದೆ, ಅದಕ್ಕೇ ಕೊನೆಗೆ ಮಾಗುವುದು ನಡುಭಾಗ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಹೇಳುವುದಾದರೆ ಹೊಸ ಚೀಸ್ 4.7ರ ಆಸುಪಾಸು ಇರುತ್ತದೆ, ಚೆನ್ನಾಗಿ ಮಾಗಿದಾಗ ಸಿಪ್ಪೆಯ ಹತ್ತಿರ 7ರವರೆಗೂ ಏರುತ್ತದೆ. ಅಷ್ಟು ಹುಳಿ ಇರುವ ನಡುಭಾಗ ಎಷ್ಟು ಕಾಯಿಸಿದರೂ ಹರಿಯುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ನೀವು ಕೊಟ್ಟ ಇನ್ನೊಂದು 10 ನಿಮಿಷ ಅಂಚನ್ನು ಮಾತ್ರ ಒಣಗಿಸಿರುತ್ತದೆ.

ಕೊಳ್ಳುವಾಗ ಹೀಗೆ ನೋಡಿ. ಪೊಟ್ಟಣದ ಮೇಲಿಂದಲೇ ಮೊದಲು ಅಂಚು, ಆಮೇಲೆ ನಡುಭಾಗ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ. ಎರಡೂ ಕಡೆ ಒಂದೇ ಥರ ಬಗ್ಗಿದರೆ ಮಾಗಿದೆ. ನಡುವೆ ಗಟ್ಟಿ ಇದ್ದರೆ ತಂದು ಫ್ರಿಜ್‌ನಲ್ಲಿ ಒಂದು ವಾರವೋ ಹತ್ತು ದಿನವೋ ಇಡಿ, ಎರಡು ದಿನಕ್ಕೊಮ್ಮೆ ಮಗುಚಿ. ದಿನಾಂಕ ನೋಡಿಕೊಳ್ಳಿ. ನಾನು ಬೇಕ್ ಮಾಡಲು ಬೇಕೆಂದೇ ಕಡೇ ದಿನಾಂಕಕ್ಕೆ ಹತ್ತಿರ ಇರುವುದನ್ನು ಹುಡುಕಿ ತರುತ್ತೇನೆ. ಬಿಡಿಸಿದಾಗ ಮೂಗಿಗೆ ಅಮೋನಿಯಾ ಜೋರಾಗಿ ಹೊಡೆದರೆ ಮಾತ್ರ ಅತಿಯಾಯಿತು ಅಂತ ಅರ್ಥ. ಬಿಸಿ ಮಾಡಿದರೆ ಆ ವಾಸನೆ ಇನ್ನೂ ಏರುತ್ತದೆ, ನೆಂಟರ ಮುಂದೆ ಇಡಬೇಡಿ.

ಅಂದಹಾಗೆ, ಕೆಲವರು ಕೇಳಿದ್ದಾರೆ: ಪೊಟ್ಟಣದ ಮೇಲೆ ಕ್ಯಾಮೆಂಬರ್ಟ್ ಅಂತ ಓದುವ ಹಾಗಿದೆ, ಅದೇನಾ ಇದು? ಅದೇ. ಫ್ರೆಂಚರು ಕೊನೆಯ ಅಕ್ಷರ ಉಚ್ಚರಿಸೋದಿಲ್ಲ.

ಪ್ರಶ್ನೆ: ಸಿಪ್ಪೆ ತಿನ್ನಬಹುದಾ?

ಉತ್ತರ: ಧಾರಾಳವಾಗಿ. ಬಿಸಿಯಾದ ಮೇಲೆ ಅದಕ್ಕೆ ಅಣಬೆಯ ರುಚಿ ಬರುತ್ತದೆ. ಬೇಡದವರಿಗಾಗಿ, ತಣ್ಣಗಿರುವಾಗಲೇ ಮೇಲಿನ ಸಿಪ್ಪೆಯನ್ನು ಮುಚ್ಚಳದ ಹಾಗೆ ಕತ್ತರಿಸಿ ತೆಗೆದು ಬೇಕ್ ಮಾಡಿ. ಸುತ್ತಿನದನ್ನೂ ತಳದ್ದನ್ನೂ ಮುಟ್ಟಬೇಡಿ.

ಪ್ರಶ್ನೆ: ನನಗೆ ಕ್ಯಾಮಂಬೇರ್ ಸಿಗಲಿಲ್ಲ. ಚೆಡ್ಡಾರ್, ಮೊಝರೆಲ್ಲಾ ಎರಡನ್ನೂ ತುರಿದು ಬಟ್ಟಲಲ್ಲಿ ತುಂಬಿ ಬೇಕ್ ಮಾಡಿದೆ. ಮೇಲೆ ಎಣ್ಣೆಯ ಕೆರೆ ನಿಂತಿತು, ಕೆಳಗೆ ಒಂದೇ ಮುದ್ದೆ. ಬ್ರೆಡ್ ಅದ್ದಿದರೆ ಇಡೀ ಮುದ್ದೆಯೇ ಎದ್ದು ಬಂತು. ಎಲ್ಲಿ ತಪ್ಪಿದೆ?

ಉತ್ತರ: ಪತ್ರಗಳಲ್ಲಿ ಅತಿ ಹೆಚ್ಚು ಬಂದ ದೂರು ಇದೇ. ನೀವು ಒಬ್ಬರೇ ಅಲ್ಲ.

ಚೀಸ್ ಅಂದರೆ ಪ್ರೋಟೀನಿನ ಒಂದು ಬಲೆ. ಅದರ ಕಣ್ಣುಗಳಲ್ಲಿ ಕೊಬ್ಬು, ನೀರು ಸಿಕ್ಕಿಕೊಂಡಿರುತ್ತವೆ. ಬಲೆಯ ಎಳೆಗಳನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ. ಬಿಸಿ ಮಾಡಿದಾಗ ಮೊದಲು ಕೊಬ್ಬು ಕರಗುತ್ತದೆ, ಅದಕ್ಕೆ ಮೈ ಬೆಚ್ಚಗಿರುವಷ್ಟು ಕಾವು, 35 ಡಿಗ್ರಿಯ ಆಸುಪಾಸು ಸಾಕು. ಬಲೆ ಸಡಿಲವಾಗಲು ಇನ್ನೂ ಜಾಸ್ತಿ ಬೇಕು. ಮೆತ್ತನೆ ಚೀಸ್‌ಗೆ ಸುಮಾರು 55 ಡಿಗ್ರಿ, ಚೆಡ್ಡಾರ್‌ಗೆ 65, ಪಾರ್ಮೆಸಾನ್‌ನಂಥ ಒಣ ಚೀಸ್‌ಗೆ 80 ದಾಟಬೇಕು. ಅದನ್ನೂ ಮೀರಿ ಕಾಯಿಸುತ್ತಾ ಹೋದರೆ ಬಲೆ ಮತ್ತೆ ಬಿಗಿದುಕೊಳ್ಳುತ್ತದೆ. ಸಿಕ್ಕಿಕೊಂಡಿದ್ದ ಕೊಬ್ಬು ಹೊರಗೆ ಬಂದು ಕೆರೆ ನಿಲ್ಲುತ್ತದೆ. ನಿಮ್ಮ ಬಟ್ಟಲಲ್ಲಿ ಬರಿಯ ಚೀಸ್ ಇತ್ತು, ಕೊಬ್ಬನ್ನು ಹಿಡಿದಿಡಲು ಬೇರೆ ಯಾರೂ ಇರಲಿಲ್ಲ. ಮೊಝರೆಲ್ಲಾ ಬೇರೆ, ಎಳೆ ಎಳೆಯಾಗಿ ಎಳೆಯುವುದು ಅದರ ಗುಣ. ಪಿಜ್ಜಾಗೆ ಸೊಗಸು, ಅದ್ದಿ ತಿನ್ನೋಕೆ ಆಗೋದಿಲ್ಲ.

ತುರಿದ ಚೀಸ್‌ನಿಂದ ಮಾಡುವುದಾದರೆ ಮೊದಲು ಬಿಳಿ ಸಾಸ್ ಮಾಡಿಕೊಳ್ಳಿ. 20 ಗ್ರಾಂ ಬೆಣ್ಣೆ ಕರಗಿಸಿ, 20 ಗ್ರಾಂ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಹುರಿಯಿರಿ. 250 ಮಿಲಿಲೀಟರ್ ಬೆಚ್ಚನೆ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಗಂಟಿಲ್ಲದಂತೆ ಕಲಸಿ, ಚಮಚಕ್ಕೆ ಅಂಟುವಷ್ಟು ಗಟ್ಟಿ ಮಾಡಿ. ಉರಿ ಆರಿಸಿ. ಆರಿಸಿದ ಮೇಲೆಯೇ 150 ಗ್ರಾಂ ತುರಿದ ಚೆಡ್ಡಾರ್ ಮೂರು ಸಲವಾಗಿ ಹಾಕಿ ಕಲಕಿ. ಮೈದಾದ ಪಿಷ್ಟ ಪ್ರೋಟೀನಿನ ಎಳೆಗಳ ನಡುವೆ ಸೇರಿ ಅವು ಮುದ್ದೆಗಟ್ಟದಂತೆ ತಡೆಯುತ್ತದೆ. ಅರ್ಧ ಚಮಚ ಸಾಸಿವೆ ಪೇಸ್ಟ್, ಒಂದು ಚಿಟಿಕೆ ಜಾಯಿಕಾಯಿ ಪುಡಿ. ಬಟ್ಟಲಿಗೆ ಸುರಿದು, ಮೇಲೆ ಬ್ರೆಡ್ ಪುಡಿ ಉದುರಿಸಿ, 200 ಡಿಗ್ರಿಯಲ್ಲಿ 10-12 ನಿಮಿಷ. ಅಂಚಲ್ಲಿ ಗುಳ್ಳೆ ಎದ್ದು ಮೇಲೆ ಕೆಂಪಗಾದರೆ ಸಾಕು. ಇದು ಕ್ಯಾಮಂಬೇರ್‌ಗಿಂತ ಹೆಚ್ಚು ಹೊತ್ತು ಹದವಾಗಿ ಉಳಿಯುತ್ತದೆ.

ಚೆಡ್ಡಾರ್ ತೀರಾ ಹಳೆಯದು ಬೇಡ. ವರ್ಷಗಟ್ಟಲೆ ಮಾಗಿಸಿದ್ದು ರುಚಿ ಹೌದು, ಆದರೆ ಬೇಗ ಎಣ್ಣೆ ಬಿಡುತ್ತದೆ. ಪೊಟ್ಟಣದಲ್ಲಿ ತುರಿದೇ ಬರುತ್ತದಲ್ಲ, ಅದೂ ಬೇಡ. ಒಂದಕ್ಕೊಂದು ಅಂಟಬಾರದು ಅಂತ ಅದಕ್ಕೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ, ನಯವಾಗಿ ಕರಗುವುದಿಲ್ಲ.

ಇನ್ನೊಂದು ಉಪಾಯ ಹೇಳುತ್ತೇನೆ, ಸಣ್ಣದು ಅಂತ ಬಿಡಬೇಡಿ. ಸಾಸ್‌ಗೆ ಒಂದು ಪ್ರೊಸೆಸ್ಡ್ ಚೀಸ್ ಸ್ಲೈಸ್ ಹರಿದು ಹಾಕಿ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್, ಫ್ರಿಟ್ಸ್ ಷ್ಟೆಟ್ಲರ್ ಇಬ್ಬರೂ ಸೇರಿ ಚೀಸ್‌ಗೆ ಸೋಡಿಯಂ ಸಿಟ್ರೇಟ್ ಅನ್ನುವ ಲವಣ ಬೆರೆಸಿ ಕರಗಿಸಿದರು. ಆ ಲವಣ ಕ್ಯಾಲ್ಸಿಯಂ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬಲೆಯ ಗಂಟು ಬಿಚ್ಚಿ ಎಲ್ಲ ನಯವಾಗುತ್ತದೆ. ಇಂಥ ಲವಣ ಪ್ರೊಸೆಸ್ಡ್ ಚೀಸ್‌ನಲ್ಲಿ ಈಗಲೂ ಇರುತ್ತದೆ, ಒಂದು ಸ್ಲೈಸ್ ಇಡೀ ಬಟ್ಟಲನ್ನು ಕಾಪಾಡುತ್ತದೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಚೀಸ್‌ನಲ್ಲಿ ಕರುವಿನ ಹೊಟ್ಟೆಯ ಅಂಶ ಇರುತ್ತದೆ ಅಂತ ಓದಿದೆ. ನಿಜವೇ? ಹಾಗಾದರೆ ಯಾವುದು ತರಬೇಕು?

ಉತ್ತರ: ಕೆಲವದರಲ್ಲಿ ನಿಜ. ಹಾಲನ್ನು ಗಟ್ಟಿಯಾಗಿಸಲು ಹಾಕುವ ರೆನೆಟ್ ಹಿಂದಿನಿಂದಲೂ ಎಳೆಗರುವಿನ ಜಠರದಿಂದ ಬಂದದ್ದು. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸ್‌ಗೆ ಈಗಲೂ ಅದನ್ನೇ ಹಾಕಬೇಕು ಅಂತ ನಿಯಮ ಇದೆ. ಹಳೇ ಪದ್ಧತಿಯಲ್ಲಿ ಮಾಡಿದ ಫ್ರೆಂಚ್ ಚೀಸ್‌ಗಳೂ ಸಾಮಾನ್ಯವಾಗಿ ಹಾಗೇ.

ಪೊಟ್ಟಣದ ಮೇಲೆ ಮೈಕ್ರೋಬಿಯಲ್ ರೆನೆಟ್ ಅಂತಲೋ, ಸಸ್ಯಾಹಾರಿ ರೆನೆಟ್ ಅಂತಲೋ ಇದ್ದರೆ ನಿಶ್ಚಿಂತೆಯಿಂದ ತನ್ನಿ. ಅದು ಬೂಷ್ಟಿನಂಥ ಸೂಕ್ಷ್ಮಜೀವಿಗಳಿಂದ ತೆಗೆದದ್ದು. ಮೂರನೆಯದೂ ಒಂದಿದೆ. ಕರುವಿನ ರೆನೆಟ್‌ನಲ್ಲಿರುವ ಕೈಮೋಸಿನ್ ಅನ್ನುವ, ಹಾಲನ್ನು ಗಟ್ಟಿಯಾಗಿಸುವ ಕಿಣ್ವವನ್ನೇ ಸೂಕ್ಷ್ಮಜೀವಿಗಳ ಕೈಯಲ್ಲಿ ತಯಾರಿಸುವುದು. ಅಮೆರಿಕ 1990ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇದಕ್ಕಾಗಿ ಕರುವನ್ನು ಕೊಲ್ಲುವುದಿಲ್ಲ. ಆದರೆ ಮೊದಲಿಗೆ ಜೀನ್ ಬಂದದ್ದು ಕರುವಿನಿಂದ. ಒಪ್ಪುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಬರಿ ರೆನೆಟ್ ಅಂತಷ್ಟೇ ಬರೆದಿದ್ದರೆ ನಾನಂತೂ ನೆಂಟರಿಗಾಗಿ ಅದನ್ನು ತರುವುದಿಲ್ಲ. ನನ್ನ ನಂಬಿ ತಿನ್ನುವವರ ವಿಷಯ ಅದು, ನನಗೆ ಪೂರ್ತಿ ಗೊತ್ತಿರಬೇಕು.

ಪ್ರಶ್ನೆ: ಬರುವವರಲ್ಲಿ ಒಬ್ಬಳು ಐದು ತಿಂಗಳ ಬಸುರಿ. ಅವಳಿಗೆ ಕೊಡಬಹುದಾ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಬಿಳಿ ಬೂಷ್ಟಿನ ಮೆತ್ತನೆ ಚೀಸ್‌ಗಳಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಬಸುರಿಯರಿಗೆ, ಹೊಟ್ಟೆಯಲ್ಲಿರುವ ಮಗುವಿಗೆ ಅದು ತುಂಬ ಅಪಾಯ. ಚೆನ್ನಾಗಿ ಕಾಯಿಸಿದರೆ ಸಾಯುತ್ತದೆ, ನಿಜ. ಆದರೆ ನಡುಭಾಗವೂ ಹೊಗೆಯಾಡುವಷ್ಟು ಬಿಸಿ ಆಗಿರಬೇಕು. ನಾವು ಹದ ನೋಡಿ ತೆಗೆಯುವ ಕ್ಯಾಮಂಬೇರ್‌ನ ನಡುಭಾಗ ಎಷ್ಟೋ ಸಲ ಬರಿ ಬೆಚ್ಚಗಿರುತ್ತದೆ, ಅಷ್ಟಕ್ಕೇ ಕರಗಿಬಿಟ್ಟಿರುತ್ತದೆ. ಕಣ್ಣಿಗೆ ಬೆಂದಂತೆ ಕಾಣುತ್ತದೆ, ಬೆಂದಿರುವುದಿಲ್ಲ.

ಹಾಗಾಗಿ ಆ ದಿನ ಎಲ್ಲರಿಗೂ ಮೇಲೆ ಹೇಳಿದ ಚೆಡ್ಡಾರ್ ಸಾಸನ್ನೇ ಮಾಡಿ. ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೀಸ್ ತೆಗೆದುಕೊಳ್ಳಿ, ಕುದಿ ಬರುವಷ್ಟು ಬೇಕ್ ಮಾಡಿ. ಅವಳಿಗೊಂದು, ಉಳಿದವರಿಗೊಂದು ಅಂತ ಮಾಡಬೇಡಿ. ಒಂದೇ ಪಾತ್ರೆಯ ಸುತ್ತ ಕೂರುವ ತಿಂಡಿಯಲ್ಲಿ ಅವಳು ಪಕ್ಕಕ್ಕೆ ಕೂರುವ ಹಾಗಾಗಬಾರದು. ಅವಳ ವೈದ್ಯರು ಬೇಡ ಅಂದಿದ್ದರೆ ಆ ಮಾತೇ ಕೊನೆ.

ಪ್ರಶ್ನೆ: ಓವನ್ ಇಲ್ಲದೆ ಆಗೋದೇ ಇಲ್ವಾ? ಮೈಕ್ರೋವೇವ್ ಇದೆ.

ಉತ್ತರ: ಇಡೀ ಚೀಸ್‌ಗೆ ಮೈಕ್ರೋವೇವ್ ಬೇಡ. ಒಂದು ಕಡೆ ಕುದಿಯುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ, ಸಿಪ್ಪೆ ಒಡೆದು ಸಿಡಿಯುವುದೂ ಉಂಟು.

ಗ್ಯಾಸ್ ಒಲೆಯಲ್ಲಿ ಮಾಡಬಹುದು. ದಪ್ಪ ತಳದ ಅಗಲ ಪಾತ್ರೆ ತೆಗೆದುಕೊಳ್ಳಿ. ಕಬ್ಬಿಣವೋ ದಪ್ಪ ಅಲ್ಯೂಮಿನಿಯಮ್ಮೋ ಆಗಬೇಕು, ನಾನ್‌ಸ್ಟಿಕ್ ಬೇಡ. ಖಾಲಿ ಕಾದರೆ ಅದರ ಲೇಪ ಕೆಡುತ್ತದೆ. ಒಳಗೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ, ನಡು ಉರಿಯಲ್ಲಿ 10 ನಿಮಿಷ ಕಾಯಿಸಿ. ಚೀಸ್ ಇರುವ ಬಟ್ಟಲನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಬಟ್ಟಲ ಮೇಲೆ ಫಾಯಿಲ್ ಹೊದಿಸಿ, ಸಣ್ಣ ಉರಿಯಲ್ಲಿ 20 ನಿಮಿಷ. ಫಾಯಿಲ್ ಯಾಕೆಂದರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದೆ. ಮೇಲೆ ಕೆಂಪಗಾಗುವುದಿಲ್ಲ, ಒಳಗೆ ಮಾತ್ರ ಚೆನ್ನಾಗಿ ಕರಗುತ್ತದೆ. ನಾನು ಎರಡು ಸಲ ಹೀಗೆ ಮಾಡಿದ್ದೇನೆ. ಕಣ್ಣು ಮುಚ್ಚಿ ತಿಂದರೆ ವ್ಯತ್ಯಾಸ ಗೊತ್ತಾಗಲಿಲ್ಲ ಅಂತ ತಿಂದವರು ಹೇಳಿದರು.

ಪ್ರಶ್ನೆ: ಫೆಟಾ ಚೀಸ್ ಇಟ್ಟೆ, ಒಂದು ಚೂರೂ ಕರಗಲಿಲ್ಲ. ಇದೂ ಕಾಯಿಯಾ?

ಉತ್ತರ: ಅಲ್ಲ, ಫೆಟಾ ಕರಗುವ ಜಾತಿಯೇ ಅಲ್ಲ. ಅದರಲ್ಲಿ ಹುಳಿ ಜಾಸ್ತಿ, ಬಿಸಿಯಾದರೆ ಮೆತ್ತಗಾಗುತ್ತದೆ ಅಷ್ಟೇ. ಸೈಪ್ರಸ್‌ನ ಹಲ್ಲೂಮಿಯೂ ಕರಗುವುದಿಲ್ಲ, ಅದಕ್ಕೆ ಬೇರೆ ಕಾರಣ. ಅದನ್ನು ಮಾಡುವಾಗಲೇ ಬಿಸಿ ಹಾಲೊಡಕಿನಲ್ಲಿ ಬೇಯಿಸಿರುತ್ತಾರೆ.

ಆದರೆ ಕರಗದ್ದು ದೋಷ ಅಂದುಕೊಳ್ಳಬೇಡಿ. ಗ್ರೀಸಿನ ಥೆಸಲೋನಿಕಿ ಕಡೆ ಬುಯುರ್ದಿ ಅಂತ ಒಂದು ತಿಂಡಿ ಇದೆ. ಮಣ್ಣಿನ ಪುಟ್ಟ ಬಟ್ಟಲಲ್ಲಿ ಫೆಟಾ, ಟೊಮೆಟೊ, ಹಸಿಮೆಣಸು, ಒರೆಗಾನೊ, ಆಲಿವ್ ಎಣ್ಣೆ. 200 ಡಿಗ್ರಿಯಲ್ಲಿ 25 ನಿಮಿಷ. ಟೊಮೆಟೊ ರಸ ಬಿಟ್ಟು ಎಣ್ಣೆಯ ಜೊತೆ ಸೇರುತ್ತದೆ, ಚೀಸ್ ಅದರಲ್ಲಿ ಮೆತ್ತಗೆ ನೆನೆಯುತ್ತದೆ. ಮೇಜಿನ ಮೇಲೆ ಫೋರ್ಕ್‌ನಿಂದ ಒಡೆದು ಕಲಸಿ ಬ್ರೆಡ್ಡಿಗೆ ಹಚ್ಚಿ ತಿನ್ನುವುದು. ಕ್ಯಾಮಂಬೇರ್‌ನಷ್ಟು ಗಡಿಬಿಡಿ ಇಲ್ಲ, ಅರ್ಧ ಗಂಟೆ ಆದರೂ ರುಚಿ ಕೆಡುವುದಿಲ್ಲ. ನೆಂಟರು ಯಾವಾಗ ಬರುತ್ತಾರೋ ಗೊತ್ತಿಲ್ಲದ ದಿನ ನಾನು ಮಾಡುವುದು ಇದನ್ನೇ. ಕೊಳ್ಳುವಾಗ ಕುರಿಹಾಲಿನದ್ದು ನೋಡಿ ತನ್ನಿ. ಯುರೋಪಿನಲ್ಲಿ 2002ರಿಂದ ಫೆಟಾ ಹೆಸರು ಗ್ರೀಸಿನದ್ದಕ್ಕೆ ಮಾತ್ರ. ಅದು ಕುರಿಹಾಲಿನಿಂದಲೇ ಆಗಬೇಕು, ಆಡಿನ ಹಾಲು ಶೇಕಡಾ 30ರವರೆಗೆ ಸೇರಬಹುದು. ಹಸುವಿನ ಹಾಲಿನಲ್ಲಿ ಮಾಡಿದ್ದು ತಪ್ಪಲ್ಲ, ಆದರೆ ಓವನ್‌ನಲ್ಲಿ ಬೇಗ ಒಣಗುತ್ತದೆ ಅನ್ನೋದು ನನ್ನ ಅನುಭವ.

ಪ್ರಶ್ನೆ: ಎಲ್ಲರೂ ಒಂದೇ ಪಾತ್ರೆಯಲ್ಲಿ ಅದ್ದಿ ತಿನ್ನೋದು ಎಂಜಲು ಅಲ್ವಾ? ನಮ್ಮ ಮನೆಯಲ್ಲಿ ದೊಡ್ಡವರು ಒಪ್ಪೋದಿಲ್ಲ.

ಉತ್ತರ: ನನ್ನ ಅತ್ತೆಯವರೂ ಒಪ್ಪಿರಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಕಚ್ಚಿದ ಬ್ರೆಡ್ಡನ್ನು ಮತ್ತೆ ಅದ್ದಿದರೆ ಅದು ಎಂಜಲೇ.

ಅವತ್ತಿನಿಂದ ಎರಡು ಬದಲಾವಣೆ ಮಾಡಿದೆ. ಬ್ರೆಡ್, ಆಲೂಗಡ್ಡೆ ಎಲ್ಲವನ್ನೂ ಒಂದೇ ತುತ್ತಿನಷ್ಟು ಚಿಕ್ಕದಾಗಿ ಕತ್ತರಿಸುತ್ತೇನೆ, ಎರಡನೇ ಸಲ ಅದ್ದುವ ಪ್ರಶ್ನೆಯೇ ಬರುವುದಿಲ್ಲ. ಜೊತೆಗೆ ಪಾತ್ರೆಯಲ್ಲೇ ಒಂದು ಉದ್ದ ಹಿಡಿಯ ಚಮಚ ಇಡುತ್ತೇನೆ. ಬೇಕಾದವರು ತಮ್ಮ ತಟ್ಟೆಗೆ ಹಾಕಿಕೊಳ್ಳಬಹುದು. ಅತ್ತೆಗೆ ಮೊದಲ ಚಮಚ ಅವರದೇ ಬಟ್ಟಲಿಗೆ. ಆಗ ಅವರಿಗೆ 81. ಹಲ್ಲು ಇರಲಿಲ್ಲ, ಗಟ್ಟಿ ತಿಂಡಿ ಬಂದಾಗಲೆಲ್ಲ ಸುಮ್ನೆ ನೋಡುತ್ತಾ ಕೂರುತ್ತಿದ್ದರು. ಬ್ರೆಡ್ಡಿನ ಮೆತ್ತನೆ ತಿರುಳನ್ನು ಚೀಸ್‌ನಲ್ಲಿ ನೆನೆಸಿ ಅವರು ನಿಧಾನವಾಗಿ ತಿಂದರು, ಎಲ್ಲರ ಜೊತೆ, ಎಲ್ಲರದು ಮುಗಿಯುವವರೆಗೆ. ಮುಂದಿನ ಸಲ ತಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಾವೇ ಎಳೆದುಕೊಂಡರು.

ಪ್ರಶ್ನೆ: ನನಗೆ 67 ವರ್ಷ, ಒಬ್ಬಳೇ ಇರುವುದು. ಪ್ರತಿ ಗುರುವಾರ ಸಂಜೆ ಹಳೆಯ ಗೆಳತಿಯೊಬ್ಬಳು ಬರುತ್ತಾಳೆ. ನೀವು ಬರೆದದ್ದು ಓದಿದಾಗ ಆಸೆಯಾಯಿತು. ಆದರೆ ಇದೆಲ್ಲ ಜನ ತುಂಬಿದ ಮನೆಗೆ ಅನಿಸಿತು. ಇಬ್ಬರಿಗಾಗಿ ಇಷ್ಟು ಮಾಡುವುದು ಅತಿ ಆಗುತ್ತದಾ?

ಉತ್ತರ: ಖಂಡಿತ ಅತಿ ಅಲ್ಲ. ಇಬ್ಬರಿಗೆ ಇದು ಇನ್ನೂ ಚೆನ್ನ, ಬಿಸಿ ಇರುವಾಗಲೇ ಮುಗಿಯುತ್ತದೆ.

ಅರ್ಧ ಚೀಸ್ ಸಾಕು. ತಣ್ಣಗಿರುವಾಗ ನಡುವೆ ಕತ್ತರಿಸಿ ಅರ್ಧಚಂದ್ರ ಮಾಡಿ. ಆ ಅರ್ಧವನ್ನು ಮತ್ತೆ ಎರಡು ಮಾಡಿ, ಒಂದು ಪುಟ್ಟ ಆಳದ ಬಟ್ಟಲಲ್ಲಿ ಸಿಪ್ಪೆ ಹೊರಗಡೆ ಬರುವ ಹಾಗೆ, ಕತ್ತರಿಸಿದ ಬದಿಗಳು ಒಂದಕ್ಕೊಂದು ಮುಖ ಮಾಡುವ ಹಾಗೆ ಒತ್ತಿ ಕೂರಿಸಿ. ಬಟ್ಟಲು ಬಿಗಿಯಾಗಿದ್ದರೆ ಹರಿದು ಹೋಗಲು ಜಾಗ ಇರುವುದಿಲ್ಲ. 180 ಡಿಗ್ರಿಯಲ್ಲಿ 10-12 ನಿಮಿಷ ಸಾಕು, ಹತ್ತನೇ ನಿಮಿಷಕ್ಕೇ ನೋಡಿ. ಮೇಜಿನ ಮೇಲಿಡುವ ಸಣ್ಣ ಓವನ್ (ಓಟಿಜಿ) ಆದರೆ ಬಟ್ಟಲನ್ನು ಕೆಳಗಿನ ತಂತಿಯ ಮೇಲೆ ಇಡಿ, ಮೇಲಿನ ಕಾಯಿಲ್ ಹತ್ತಿರ ಇದ್ದರೆ ಸಿಪ್ಪೆ ಕಪ್ಪಾಗುತ್ತದೆ. ನಾಲ್ಕು ಹೋಳು ಬ್ರೆಡ್ ತವಾದ ಮೇಲೆ ಗರಿ ಮಾಡಿ, ಒಂದು ಪೇರ್ ಹಣ್ಣು ಹೆಚ್ಚಿ, ನಾಲ್ಕು ಅಕ್ರೋಟು ಒಡೆದಿಡಿ. ಗೆಳತಿ ಬಂದು ಬಾಗಿಲು ತಟ್ಟಿದ ಮೇಲೆ ಬಟ್ಟಲು ಒಳಗೆ ಇಟ್ಟರೆ ಸಮಯಕ್ಕೆ ಸರಿಯಾಗುತ್ತದೆ.

ಉಳಿದರ್ಧವನ್ನು ಅದರದೇ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಪ್ಲಾಸ್ಟಿಕ್ ಬೇಡ, ಉಸಿರುಗಟ್ಟಿ ಸಿಪ್ಪೆ ಒದ್ದೆಯಾಗುತ್ತದೆ. ಕತ್ತರಿಸಿದ ಬದಿಗೆ ಮಾತ್ರ ಒಂದು ಚೂರು ಬೆಣ್ಣೆಕಾಗದ ಅಂಟಿಸಿ. ಮುಂದಿನ ಗುರುವಾರಕ್ಕೆ ಸರಿಯಾಗಿರುತ್ತದೆ.